ಆರೋಗ್ಯಕ್ಕಾಗಿ ಓದಿಸಿದ ಹೆಸರು

1949ನೇ ಇಸವಿ ಜನವರಿ 11, ಮಂಗಳವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ನನ್ನ ತಾತ ಲಿಂಬೆರಿಸ್ ತೀರಿಕೊಂಡರು. ಅವರಿಗೆ ಎಂಬತ್ತೈದು ವರ್ಷ. ಅಜ್ಜಿ ಗರುಫಾಲಿಯಾ ಕನ್ನಡಿಗೆ ಕಪ್ಪು ಬಟ್ಟೆ ಹೊದಿಸಿ, ಅಡುಗೆಮನೆಗೆ ಬಂದು ಎಲ್ಲರಿಗೂ ಕಾಫಿಗೆ ನೀರಿಟ್ಟಳು. ಅಳಲಿಲ್ಲ. ಅಳು ಆಮೇಲೆ ನೋಡೋಣ, ಮೊದಲು ಅವರ ಬಿಳಿ ಅಂಗಿ ಇಸ್ತ್ರಿ ಮಾಡು ಎಂದು ನನಗೆ ಹೇಳಿದಳು.

ಆ ಚಳಿಗಾಲ ಬಾಸ್ಟನ್ ಹತ್ತಿರದ ನಮ್ಮ ಗಿರಣಿ ಊರು ಲೋವೆಲ್‌ನಲ್ಲಿ ನೆಲ ಎರಡೂವರೆ ಅಡಿ ಆಳದವರೆಗೆ ಹೆಪ್ಪುಗಟ್ಟಿತ್ತು. ಗುದ್ದಲಿ ಇಳಿಯುವಂತಿರಲಿಲ್ಲ. ನಮ್ಮ ಗ್ರೀಕ್ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಶವಪೆಟ್ಟಿಗೆಯನ್ನು ಸ್ಮಶಾನದ ಕಲ್ಲಿನ ಕೋಣೆಯಲ್ಲಿ, ಬೇರೆ ಹನ್ನೊಂದು ಪೆಟ್ಟಿಗೆಗಳ ಜೊತೆ ಇರಿಸಿ ಬಾಗಿಲು ಹಾಕಿದರು. ಮಣ್ಣು ಸಡಿಲವಾಗುವುದು ಏಪ್ರಿಲ್‌ನಲ್ಲಿ.

"ಮಣ್ಣೇ ಕಾಣದ ಹೆಣಕ್ಕೆ ನಲವತ್ತು ದಿನದ ಲೆಕ್ಕ ಎಲ್ಲಿಂದ ಹಿಡೀಲಿ?" ಎಂದಳು ಅಜ್ಜಿ.

"ಸತ್ತ ದಿನದಿಂದ ಅಂತ ಪಾದ್ರಿಗಳು ಹೇಳಿದ್ರಲ್ಲ ಅತ್ತೆ," ಎಂದಳು ನನ್ನ ಅಮ್ಮ ಸ್ತಮಾತಾ.

"ಪಾದ್ರಿಗೇನು? ಓಡಾಡೋದು ಅವರ ಮನೇಲಲ್ಲ."

ತಾತನ ಕೋಣೆಯಲ್ಲಿ ಎಣ್ಣೆದೀಪ, ಒಂದು ಲೋಟ ನೀರು ಇಟ್ಟೆವು. ನಲವತ್ತು ದಿನ ಜೀವ ಮನೆಯಲ್ಲೇ ಸುತ್ತುತ್ತದೆ, ಬಾಯಾರುತ್ತದೆ. ನೀರು ಬದಲಿಸುವ ಕೆಲಸ ನನ್ನದಾಯಿತು. ನಾನು ಆಗಷ್ಟೇ ಬಾಸ್ಟನ್‌ನಲ್ಲಿ ರಸಾಯನಶಾಸ್ತ್ರದ ಓದು ಮುಗಿಸಿ ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತಿತ್ತು.

ಜಗಳ ಹುಟ್ಟಿದ್ದು ಎರಡನೇ ವಾರ, ಬಿಳಿ ಅವರೆಕಾಳಿನ ಸಾರಿನ ಮುಂದೆ. ಅಪ್ಪ ವ್ರಸೀದಾಸ್ ಬ್ರೆಡ್ಡನ್ನು ಸಾರಿನಲ್ಲಿ ಅದ್ದುತ್ತಾ, "ಅಪ್ಪನ ಕಾಗದದ ಪೆಟ್ಟಿಗೇನ ನಮ್ಮೂರ ಸಂಘದವರು ಕೇಳ್ತಿದ್ದಾರೆ. ಸ್ಮರಣೆ ಪುಸ್ತಕ ತರ್ತಾರಂತೆ. ನಮ್ಮ ಹಳ್ಳಿಯಿಂದ ಲೋವೆಲ್‌ಗೆ ಮೊದಲು ಬಂದವರು ಅಪ್ಪ ತಾನೇ? ಕೊಡ್ತೀನಿ ಅಂದಿದ್ದೀನಿ," ಎಂದ.

"ಇಬ್ಬರು ಬಂದಿದ್ರು," ಎಂದಳು ಅಜ್ಜಿ.

"ಸರಿ, ಇಬ್ಬರು. ಇನ್ನೊಬ್ಬನ ಕಾಗದ ನಮ್ಮ ಹತ್ರ ಇಲ್ವಲ್ಲ."

"ಕೊಟ್ರೆ ಆ ಕೋಣೆನೂ ಖಾಲಿ ಆಗತ್ತೆ," ಎಂದಳು ಅಮ್ಮ. "ಟೀಚರಮ್ಮ ಒಬ್ಬಳು ಬಾಡಿಗೆಗೆ ಕೇಳ್ತಿದ್ದಾಳೆ. ಒಳ್ಳೆ ಹೆಣ್ಣುಮಗಳು, ಒಲೆ ಮುಟ್ಟಲ್ಲ."

ಅಜ್ಜಿ ಚಮಚ ಕೆಳಗಿಟ್ಟಳು. "ಅವರಿನ್ನೂ ಕಲ್ಲಿನ ಕೋಣೇಲಿ ಮಲಗಿದ್ದಾರೆ. ನಿನಗಾಗಲೇ ಈ ಕೋಣೆ ಬೇಕಾ ಸ್ತಮಾತಾ?"

"ಬಾಡಿಗೆ ಬಂದ್ರೆ ಕಲ್ಲಿದ್ದಲು ಬರತ್ತೆ ಅತ್ತೆ. ನಿಮಗೇ ಚಳಿ ಅಂತೀರಿ."

"ನನ್ನ ಚಳಿ ಕಲ್ಲಿದ್ದಲಿಗೆ ಹೋಗೋದಲ್ಲ," ಎಂದು ಅಜ್ಜಿ ತಟ್ಟೆ ಎತ್ತಿಕೊಂಡು ಎದ್ದಳು.

ಆದರೂ ಆ ಪೆಟ್ಟಿಗೆ ತೆರೆಯಲೇಬೇಕಾಯಿತು. ಲೆಂಟ್ ಉಪವಾಸಕ್ಕೆ ಮುಂಚೆ ಸತ್ತವರ ಶನಿವಾರ ಬರುತ್ತದೆ. ಪ್ರತಿ ಮನೆಯಿಂದ ಎರಡು ಚೀಟಿ ಪಾದ್ರಿಗೆ ಹೋಗಬೇಕು. ಒಂದರಲ್ಲಿ ಬದುಕಿರುವವರ ಹೆಸರು, ಅದನ್ನು ಆರೋಗ್ಯಕ್ಕಾಗಿ ಓದುತ್ತಾರೆ. ಇನ್ನೊಂದರಲ್ಲಿ ಸತ್ತವರ ಹೆಸರು, ಅದನ್ನು ಶಾಂತಿಗಾಗಿ. ನಮ್ಮ ಮನೆಯ ಚೀಟಿಗಳನ್ನು ಅರವತ್ತು ವರ್ಷ ತಾತನೇ ಬರೆದಿದ್ದರು. ಹಳೆಯ ಹೆಸರುಗಳು ಬೇರೆ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ.

ಜನವರಿ 30, ಭಾನುವಾರ ಮಧ್ಯಾಹ್ನ, ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ತೆರೆದೆವು. ಹಡಗಿನ ಟಿಕೆಟ್ಟು, ಪೌರತ್ವದ ಪತ್ರ, ಗಿರಣಿಯ ಹಾಜರಿ ಕಾರ್ಡುಗಳು, ಹದಿನೈದು ದಿನಚರಿ ಪುಸ್ತಕಗಳು. ಹಳೆಯ ಚೀಟಿಗಳ ಕಟ್ಟು. ಅದರ ಕೆಳಗೆ ನೀಲಿ ದಾರ ಕಟ್ಟಿದ ಇನ್ನೊಂದು ಕಟ್ಟು. ಮೇಲಿದ್ದದ್ದು ನಗರಸಭೆಯ ರಸೀದಿ. ನಾನು ಗಟ್ಟಿಯಾಗಿ ಓದಿದೆ: "ಪನಾಗೊಸ್, ಗ್ರೀಕ್, ವಯಸ್ಸು ಇಪ್ಪತ್ತೇಳು, ನ್ಯುಮೋನಿಯಾ. ಬಡವರ ಸಾಲಿನಲ್ಲಿ ಹೂಳಲಾಗಿದೆ. 1889, ನವೆಂಬರ್ 3."

"ಇನ್ನೊಂದು ಸಲ ಓದು," ಎಂದಳು ಅಜ್ಜಿ.

ಓದಿದೆ.

"ತೊಂಬತ್ತಾರು ಇರಬೇಕು ಕ್ಸೇನಿ. ಕನ್ನಡಕ ಒರೆಸ್ಕೊಂಡು ನೋಡು."

"ಎಂಬತ್ತೊಂಬತ್ತೇ ಅಜ್ಜಿ. ಅಕ್ಷರದಲ್ಲೂ ಬರ್ದಿದೆ."

ಪನಾಗೊಸನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾತನ ಜೊತೆ ಹಡಗು ಹತ್ತಿದ ಗೆಳೆಯ. ಅಜ್ಜಿಯನ್ನು ಮದುವೆಗೆಂದು ಹಳ್ಳಿಯಿಂದ ಕರೆಸಿಕೊಂಡದ್ದು ಅವನೇ. 1896ರ ಮೇ ತಿಂಗಳಲ್ಲಿ ಹತ್ತೊಂಬತ್ತು ವರ್ಷದ ಅಜ್ಜಿ ರೈಲಿನಿಂದ ಇಳಿದಾಗ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದವರು ತಾತ. ಪನಾಗೊಸ್ ಪಶ್ಚಿಮದ ಕಡೆ ರೈಲುಹಳಿ ಕೆಲಸಕ್ಕೆ ಹೋದವನು ಏಪ್ರಿಲ್ 19ಕ್ಕೆ ಸತ್ತ ಎಂದರಂತೆ. ವಾಪಸು ಹೋಗಲು ಅಜ್ಜಿಗೆ ದಾರಿಯಿರಲಿಲ್ಲ. ಒಂದು ತಿಂಗಳು ಬಿಟ್ಟು ತಾತನನ್ನೇ ಮದುವೆಯಾದಳು. ಪ್ರತಿ ವರ್ಷ ಏಪ್ರಿಲ್ 19ಕ್ಕೆ ಪನಾಗೊಸನ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ, ಒಣದ್ರಾಕ್ಷಿ, ದಾಳಿಂಬೆ ಬೆರೆಸಿ ಚರ್ಚಿಗೆ ಒಯ್ಯುತ್ತಿದ್ದಳು. ತಾತ ಅದನ್ನು ತಲೆ ತಗ್ಗಿಸಿ ತಿನ್ನುತ್ತಿದ್ದರು.

"ಹಾಗಾದ್ರೆ ತೊಂಬತ್ತರಲ್ಲಿ ಕಾಗದ ಬರೆದವನು ಯಾರು?" ಎಂದಳು ಅಜ್ಜಿ. "ತೊಂಬತ್ತೊಂದು, ತೊಂಬತ್ತೆರಡು... ಅಷ್ಟೂ ವರ್ಷ ತಿಂಗಳಿಗೊಂದು ಬಂತಲ್ಲ? ನಾನೇ ಓದಿ ಹೇಳ್ತಿದ್ದೆ ಅವನಮ್ಮನಿಗೆ. ಮಾರಿಗೋಗೆ ಕಣ್ಣು ಕಾಣ್ತಿರಲಿಲ್ಲ."

ಉತ್ತರ ನೀಲಿ ದಾರದ ಕಟ್ಟಿನಲ್ಲೇ ಇತ್ತು. ಪನಾಗೊಸನ ಹೆಸರಿನಲ್ಲಿ ಬರೆದ ಕರಡುಗಳು, ಒಂದಾದ ಮೇಲೊಂದು. ಮೊದಲ ನಾಲ್ಕು ಹಾಳೆಗಳಲ್ಲಿ ಕಾಗದವೇ ಇಲ್ಲ, ಬರೀ ಅಕ್ಷರ ತಿದ್ದಿದ್ದು, ಮಗು ತಿದ್ದಿದ ಹಾಗೆ. ನಾನು ನನ್ನ ಕೋನಮಾಪಕ ತಂದೆ. ತಾತನ ದಿನಚರಿಯ ಅಕ್ಷರ ಬಲಕ್ಕೆ ವಾಲುತ್ತದೆ, ಸರಾಸರಿ 61 ಡಿಗ್ರಿ. ಪನಾಗೊಸ್ ಬದುಕಿದ್ದಾಗ ಬರೆದ ಒಂದೇ ಒಂದು ಚೀಟಿ ಸಿಕ್ಕಿತು. ಅದರ ಅಕ್ಷರ ನೆಟ್ಟಗೆ, 83 ಡಿಗ್ರಿ. ತೊಂಬತ್ತರ ಕರಡುಗಳು 70ರ ಆಸುಪಾಸು, ತುಂಬಾ ಚಿತ್ತು. ತೊಂಬತ್ತೆರಡರ ಹೊತ್ತಿಗೆ 83, ಒಂದೂ ಚಿತ್ತಿಲ್ಲ.

1892ರ ದಿನಚರಿಯಲ್ಲಿ ತಾತ ಬರೆದಿದ್ದರು: 'ಮೊದಲು ಪನಾಗೊಸ್ ಏನು ಬರೆಯುತ್ತಿದ್ದ ಎಂದು ಯೋಚಿಸಬೇಕಿತ್ತು. ಈಗ ಯೋಚಿಸುವುದಿಲ್ಲ. ಕುಳಿತರೆ ಸಾಕು.'

ಅಪ್ಪ ದಿನಚರಿ ಮುಚ್ಚಿದ. "ಪುಣ್ಯದ ಕೆಲಸ ಮಾಡಿದ್ದಾರೆ. ಕುರುಡಿ ತಾಯಿಗೆ ನೋವಾಗಬಾರದು ಅಂತ. ಅದರಲ್ಲೇನಿದೆ?"

"ಆ ತಾಯಿ ತೊಂಬತ್ಮೂರರಲ್ಲೇ ಸತ್ತಳು ಕಣೋ," ಎಂದಳು ಅಜ್ಜಿ.

ಅಜ್ಜಿ ತನ್ನ ಕೈಗಳನ್ನೇ ನೋಡುತ್ತಾ ಹೇಳಿದಳು. "ನನಗೆ ಹದಿನಾರು. ಅವಳ ಪರವಾಗಿ ಉತ್ತರ ಬರೀತಿದ್ದವಳೂ ನಾನೇ. ಅವಳು ಸತ್ತ ಮೇಲೂ ಬರೆದೆ. 'ಮಗನೇ, ಚೆನ್ನಾಗಿದೀನಿ, ಮೊಣಕಾಲು ನೋಯತ್ತೆ' ಅಂತ. ನಿಲ್ಲಿಸಿದ್ರೆ ಅವನ ಕಾಗದ ಬರೋದು ನಿಲ್ಲತ್ತಲ್ಲ. ನನಗೆ ಅವನ ಕಾಗದ ಬೇಕಿತ್ತು. ಐವತ್ಮೂರು ವರ್ಷ ಇದನ್ನ ನಿಮ್ಮ ತಾತನಿಗೆ ಹೇಳಲಿಲ್ಲ. ಗೊತ್ತಾದ್ರೆ ಮುಖ ನೋಡಲ್ಲ ಅಂತ ಹೆದರಿದ್ದೆ."

ಅಮ್ಮ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು. "ಅಂದ್ರೆ ಸತ್ತ ಮಗ, ಸತ್ತ ತಾಯಿಗೆ..."

"ಮೂರು ವರ್ಷ," ಎಂದಳು ಅಜ್ಜಿ. "ಹಬ್ಬ, ಮಳೆ, ಆಡು ಮರಿ ಹಾಕಿದ್ದು, ಎಲ್ಲ ಬರ್ಕೊಂಡ್ವಿ."

ಮರುದಿನ ಕಟ್ಟಿನ ತಳದಲ್ಲಿ ಹಳ್ಳಿಯ ಪಾದ್ರಿಯ ಕಾಗದ ಸಿಕ್ಕಿತು. ತಾತನ ಹೆಸರಿಗೆ ಬಂದದ್ದು, 1893ರ ಅಕ್ಟೋಬರ್. ಮಾರಿಗೋ ತೀರಿಕೊಂಡಳು, ಪನಾಗೊಸನಿಗೆ ನಿಧಾನವಾಗಿ ತಿಳಿಸಿ ಎಂದಿತ್ತು. ಅಂದರೆ ತಾತನಿಗೆ ಗೊತ್ತಿತ್ತು. ಆಮೇಲೆ ಬಂದ ಪ್ರತಿ ಉತ್ತರವನ್ನೂ, ಬರೆಯುತ್ತಿರುವುದು ತಾಯಿಯಲ್ಲ ಎಂದು ತಿಳಿದೇ ಓದಿದ್ದರು.

ಅಜ್ಜಿ ಆ ದಿನ ಒಲೆ ಹಚ್ಚಲಿಲ್ಲ. ಉಪ್ಪುಮೀನು ನೆನೆಸಿಟ್ಟಲ್ಲೇ ಉಳಿಯಿತು.

"ಎಲ್ಲಾ ಗೊತ್ತಿತ್ತು ಆ ಮನುಷ್ಯನಿಗೆ!" ಎಂದು ಕೂಗಿದಳು. "ನಾನು ಹೆದರ್ಕೊಂಡು ಬದುಕೋದನ್ನ ನೋಡ್ಕೊಂಡು ಕೂತಿದ್ದ!"

"ಅವರೂ ಹೆದರಿದ್ರು ಅಮ್ಮ," ಎಂದ ಅಪ್ಪ. "ಇಬ್ಬರದೂ ಒಂದೇ ತಪ್ಪು. ಸತ್ತವರ ಮೇಲೆ ಯಾಕೆ ಸಿಟ್ಟು?"

"ನನ್ನ ತಪ್ಪನ್ನ ಅವನು ಕಂಡಿದ್ದ. ಅವನದ್ದನ್ನ ನನಗೆ ಕಾಣಿಸಲಿಲ್ಲ. ಒಂದೇ ಹೇಗಾಗತ್ತೆ? ಕೇಳು ವ್ರಸೀದಾ, ಏಪ್ರಿಲ್‌ನಲ್ಲಿ ಮಣ್ಣು ಮಾಡುವಾಗ ನಾನು ಬರಲ್ಲ. ಅವನ ಪಕ್ಕದಲ್ಲಿ ನನ್ನನ್ನ ಮಲಗಿಸಕೂಡದು. ನನ್ನನ್ನ ಈ ದೇಶಕ್ಕೆ ಕರೆಸಿದ್ದು ಯಾರು ಅಂತ ಗೊತ್ತಾಗೋವರೆಗೂ."

"ಅಪ್ಪನೇ ಕರೆಸಿದ್ದು! ಬರೆದದ್ದು ಅಪ್ಪನೇ!"

"ನನಗೆ ಹಾಗನ್ನಿಸಲ್ಲ."

ಆ ಸಂಜೆ ನೀರು ಬದಲಿಸಲು ಹೋದಾಗ ತಾತನ ಕೋಣೆಯಲ್ಲಿ ಎರಡು ಲೋಟ ಇದ್ದವು. ಅಮ್ಮನೂ ಬಂದು ನೋಡಿದಳು.

"ಸತ್ತವರು ಒಬ್ಬರು ಅತ್ತೆ. ಎರಡು ಲೋಟ ಯಾಕೆ?"

"ಇನ್ನೊಬ್ಬನಿಗೆ ಅರವತ್ತು ವರ್ಷದಿಂದ ಯಾರೂ ಇಟ್ಟಿಲ್ಲ."

ಅಮ್ಮ ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ, ಓದಿದವಳು," ಎಂದಳು. ಹೇಳುವುದಕ್ಕಿಂತ ಅಳೆಯುವುದು ಸುಲಭವೆನಿಸಿತು. ಒಂದೇ ತರದ ಲೋಟ, ಒಂದೇ ಮಟ್ಟ. ದಿನಕ್ಕೆರಡು ಸಲ ಅಳತೆ ತೆಗೆದೆ. ಎಂಟು ದಿನವಾದ ಮೇಲೆ ಮೇಜಿಗೆ ಬಂದು ಹೇಳಿದೆ: "ಎರಡರಲ್ಲೂ ದಿನಕ್ಕೆ ಮೂರು ಮಿಲಿಮೀಟರ್. ಒಂದಿಷ್ಟೂ ವ್ಯತ್ಯಾಸ ಇಲ್ಲ ಅಜ್ಜಿ. ಒಲೆ ಕಾವಿಗೆ ಆರೋ ನೀರು ಅಷ್ಟೇ."

ಅಜ್ಜಿ ಆಲಿವ್ ಬೀಜವನ್ನು ತಟ್ಟೆಯ ಅಂಚಿಗಿಟ್ಟಳು. "ಸಮನಾಗೇ ಕುಡೀತಾರೆ. ಈ ಊರಿಗೆ ಬಂದ ಹೊಸದರಲ್ಲಿ ಒಂದೇ ಹಾಸಿಗೇಲಿ ಮೂರು ವರ್ಷ ಮಲಗಿದ್ದವರು."

ಅಪ್ಪನಿಗೆ ನಗು ಬಂತು. ನಮಗಾರಿಗೂ ಬರಲಿಲ್ಲ. ಅವನೂ ನಿಲ್ಲಿಸಿದ.

ಫೆಬ್ರುವರಿ ಎರಡನೇ ವಾರ ಅಜ್ಜಿ ದೇವರ ಪಟದ ಹಿಂದಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ಅವಳನ್ನು ಕರೆಸಿದ ಕಾಗದ. 'ಅಮ್ಮ, ನಿನಗೆ ನನ್ನ ಕಾಗದ ಓದಿ ಹೇಳುವ ಹುಡುಗಿಯನ್ನು ಕಳಿಸು. ಅವಳ ದನಿ ನನಗೆ ಇಲ್ಲಿಗೇ ಕೇಳುತ್ತದೆ.' ತಾರೀಖು 1896, ಫೆಬ್ರುವರಿ 24.

"ಇದರ ಕರಡು ಹುಡುಕು," ಎಂದಳು.

ಮೂರು ದಿನ ಹುಡುಕಿದೆ. ಉಳಿದ ಎಪ್ಪತ್ನಾಲ್ಕು ಕಾಗದಗಳಿಗೂ ಕರಡು ಇತ್ತು. ಇದಕ್ಕಿರಲಿಲ್ಲ. ಆಮೇಲೆ ಆ ವರ್ಷದ ದಿನಚರಿ ತೆಗೆದೆ. ಫೆಬ್ರುವರಿ 20ರಿಂದ ಮಾರ್ಚ್ 14ರವರೆಗೆ ಬರಹವೇ ಇಲ್ಲ. ಮಾರ್ಚ್ 15ಕ್ಕೆ ತಾತ ಬರೆದಿದ್ದರು: 'ಫೆಬ್ರುವರಿ 20ಕ್ಕೆ ಗಿರಣಿಯ ಕುದಿಯುವ ಬಣ್ಣದ ತೊಟ್ಟಿಯಲ್ಲಿ ಬಲಗೈ ಬೆಂದಿತು. ಇಂದು ಪಟ್ಟಿ ಬಿಚ್ಚಿದರು. ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ನಡುವೆ ಒಂದು ಬೆಳಿಗ್ಗೆ ಮೇಜಿನ ಮೇಲೆ ಮುಗಿಸಿದ ಕಾಗದವಿತ್ತು. ಅಂಚೆಗೆ ಹಾಕಿದೆ.'

ಅಷ್ಟೇ ಇತ್ತು.

ಅಪ್ಪನಿಗೆ ತೋರಿಸಿದೆ. ಅವನು ಚಪ್ಪಲಿ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದ. "ಹಳೇ ಪಂಚಾಂಗ ಇರಬೇಕು," ಎಂದ ತಕ್ಷಣ. "ಹಳ್ಳಿಗೆ ಬರೆಯೋವಾಗ ಎಲ್ಲರೂ ಹಳ್ಳಿ ತಾರೀಖೇ ಹಾಕ್ತಿದ್ರು. ಹನ್ನೆರಡು ದಿನ ವ್ಯತ್ಯಾಸ. ಕೂಡಿಸಿ ನೋಡು."

"ಕೂಡಿಸಿದೆ ಅಪ್ಪ. ಮಾರ್ಚ್ 7 ಆಗತ್ತೆ. ಅದೂ ಕೈಗೆ ಪಟ್ಟಿ ಇದ್ದ ದಿನಾನೇ. ಯಾವ ಪಂಚಾಂಗ ಹಿಡಿದ್ರೂ ಒಳಗೇ ಬೀಳತ್ತೆ."

"ಎಡಗೈಲಿ ಬರೆದಿರ್ತಾರೆ."

"83 ಡಿಗ್ರಿ. ಒಂದು ಚಿತ್ತೂ ಇಲ್ಲ."

ಅಪ್ಪ ಟವೆಲ್ಲನ್ನು ಎರಡು ಸಲ ಮಡಚಿದ. "ಈ ಕಟ್ಟು ಸಂಘಕ್ಕೆ ಹೋಗೋದು ಬೇಡ. ಹಡಗಿನ ಟಿಕೆಟ್ಟು, ಪೌರತ್ವದ ಪತ್ರ, ಅಷ್ಟು ಕೊಡೋಣ. ಸ್ಮರಣೆ ಪುಸ್ತಕಕ್ಕೆ ಅಷ್ಟು ಸಾಕು," ಎಂದ. ಕೋಣೆಯ ಬಾಡಿಗೆಯ ಮಾತನ್ನು ಅಮ್ಮನೂ ಆಮೇಲೆ ಎತ್ತಲಿಲ್ಲ.

ನಲವತ್ತು ದಿನ ಮುಗಿದವು. ಅಜ್ಜಿ ಲೋಟಗಳನ್ನು ಎತ್ತಲಿಲ್ಲ. ಫೆಬ್ರುವರಿ 26, ಸತ್ತವರ ಶನಿವಾರ. ಹಿಂದಿನ ದಿನ ಚೀಟಿ ಕೊಡಲು ಅಜ್ಜಿ, ನಾನು ಹೋದೆವು. ಪಾದ್ರಿ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಲು ಕಾಯಿಸಿಕೊಳ್ಳುತ್ತಾ ಕುಳಿತಿದ್ದರು. ತಾತನ ಹಳೆಯ ಚೀಟಿಗಳನ್ನು ಅಜ್ಜಿ ಅವರ ಮುಂದೆ ಹರಡಿದಳು. 1889ರಿಂದ 1896ರವರೆಗೆ ಪನಾಗೊಸನ ಹೆಸರು ಸತ್ತವರ ಚೀಟಿಯಲ್ಲಿ ಇರಲಿಲ್ಲ. ಆರೋಗ್ಯಕ್ಕಾಗಿ ಓದುವ ಚೀಟಿಯಲ್ಲಿ ಇತ್ತು.

"ಸತ್ತವರ ಚೀಟೀಲಿ ಹಾಕಿದ್ರೆ ಯಾರಾದ್ರೂ ಕೇಳ್ತಾರೆ, ಹಳ್ಳಿಗೆ ಸುದ್ದಿ ಹೋಗತ್ತೆ, ಅಂತ ಇವರು ಇಲ್ಲಿ ಹೀಗೆ ಮಾಡಿದ್ರು," ಎಂದಳು ಅಜ್ಜಿ. "ಅಲ್ಲಿ ನಾನೂ ಅವನನ್ನ ಬದುಕಿರೋರ ಚೀಟೀಲೇ ಬರೆಸ್ತಿದ್ದೆ. ನನಗೆ ಗೊತ್ತಿರಲಿಲ್ಲ. ಏಳು ವರ್ಷ, ಎರಡು ಊರಲ್ಲಿ, ಎರಡು ಪೀಠದ ಮುಂದೆ ಓದಿದ್ದಾರೆ ಸ್ವಾಮಿ."

ಪಾದ್ರಿ ಗಡ್ಡ ನೀವಿಕೊಂಡರು. "ದೇವರು ಸರಿಪಡಿಸ್ಕೋತಾನೆ ಗರುಫಾಲಿಯಾ. ಅವನೇನು ನಮ್ಮ ಚೀಟಿ ನೋಡಿ ಕೆಲಸ ಮಾಡ್ತಾನಾ?"

"ನೋಡಲ್ಲ ಅಂದ್ರೆ ಓದೋದ್ಯಾಕೆ?"

ಅವರು ಹರಡಿದ್ದ ಚೀಟಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

"ಆರೋಗ್ಯ ಕೇಳಿದ್ವಿ," ಎಂದಳು ಅಜ್ಜಿ. "ಕೊಟ್ಟ. ಅದಕ್ಕೇ ಅವನು ಬರೆದ."

ಪಾದ್ರಿ ಎದ್ದು ಕಿಟಕಿ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದರು. ಆಮೇಲೆ ತಮ್ಮ ಪೆನ್ನು ತೆಗೆದು, ಯಾರನ್ನೂ ಕೇಳದೆ, ಸತ್ತವರ ಚೀಟಿಯ ಕೊನೆಯಲ್ಲಿ ಮೂರು ಹೆಸರು ಸೇರಿಸಿದರು: ಮಾರಿಗೋ, ಪನಾಗೊಸ್, ಲಿಂಬೆರಿಸ್. ಶನಿವಾರ ಅವನ್ನು ಗಟ್ಟಿಯಾಗಿ ಓದಿದರು. ಅಜ್ಜಿ ಗೋಧಿಯ ತಟ್ಟೆ ಹಿಡಿದು ನಿಂತಿದ್ದಳು. ಮೊದಲೆರಡು ಹೆಸರಿಗೆ ತಲೆ ಬಾಗಿಸಿದಳು, ಮೂರನೆಯದಕ್ಕೆ ಬಾಗಿಸಲಿಲ್ಲ. ಮನೆಗೆ ಬಂದ ಮೇಲೆ ಎರಡೂ ಲೋಟ ತೊಳೆದು ಮಗುಚಿಟ್ಟಳು.

ಮಾರ್ಚ್ ಪೂರ್ತಿ ಅಪ್ಪ ಅವಳ ಕಾಲು ಹಿಡಿಯುವುದೊಂದು ಬಾಕಿ. "ಅಮ್ಮ, ಹೆಂಡತಿ ಇಲ್ದೆ ಮಣ್ಣು ಮಾಡಿದ್ರೆ ಜನ ಏನಂತಾರೆ?"

"ಯಾರ ಹೆಂಡತಿ ಅಂತ ನನಗೇ ಗೊತ್ತಿಲ್ಲ. ಜನಕ್ಕೇನು ಹೇಳಲಿ?"

ಅವಳ ಮನಸ್ಸು ತಿರುಗಿದ್ದು ಅಮ್ಮನಿಂದ. ಏಪ್ರಿಲ್ 5, ಮಂಗಳವಾರ ಬೆಳಿಗ್ಗೆ, ಕಾರು ಬಾಗಿಲಲ್ಲಿ ನಿಂತಿದ್ದಾಗ, ಅಮ್ಮ ಅಜ್ಜಿಯ ಕಪ್ಪು ಕೋಟನ್ನು ಕುರ್ಚಿಯ ಮೇಲೆ ಹಾಕಿ, "ಬರಬೇಡಿ ಅತ್ತೆ. ಆದ್ರೆ ನೀವು ಕೇಳಬೇಕಾದ್ದನ್ನ ಕೇಳೋಕೆ ಇನ್ನೊಂದು ಸಲ ಅವರು ಮೇಲೆ ಬರಲ್ಲ," ಎಂದಳು. ಅಜ್ಜಿ ಸ್ವಲ್ಪ ಹೊತ್ತು ಕೋಟನ್ನು ನೋಡಿದಳು. ಆಮೇಲೆ ತೋಳು ಚಾಚಿದಳು.

ನೆಲ ಸಡಿಲವಾಗಿತ್ತು. ಹಿಮ ಕರಗಿದ ನೀರು ಗೋರಿಗಳ ನಡುವೆ ಹರಿಯುತ್ತಿತ್ತು. ತಾತ ತಮ್ಮ ಜಾಗವನ್ನು ಎಂದೋ ಕೊಂಡಿದ್ದರು ಎಂಬುದಷ್ಟೇ ನಮಗೆ ಗೊತ್ತು. ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಸ್ಮಶಾನದ ಕಾವಲುಗಾರ, ಮುದುಕ ಐರಿಷ್‌ನವನು, ಕಂಕುಳಲ್ಲಿ ದೊಡ್ಡ ಪುಸ್ತಕ ಇಟ್ಟುಕೊಂಡು ಮುಂದೆ ನಡೆದ. ಬಲಗಡೆ ಹೊಸ ಗುಂಡಿ ತೋಡಿತ್ತು. ಎಡಗಡೆ ಹುಲ್ಲಿನಲ್ಲಿ ಹೂತುಹೋದ ಒಂದು ಚಪ್ಪಟೆ ಕಲ್ಲು. ನಡುವೆ ಖಾಲಿ ನೆಲ.

"ಈ ಕಲ್ಲು ಯಾರದ್ದು?" ಎಂದು ಅಪ್ಪ ಕೇಳಿದ.

ಕಾವಲುಗಾರ ಪುಸ್ತಕ ಬಿಡಿಸಿದ. "ಇದೂ ನಿಮ್ಮದೇ. 1897ರಲ್ಲಿ ನಿಮ್ಮಪ್ಪ ಮೂರು ಗುಂಡಿಯ ಜಾಗ ಕೊಂಡಿದ್ದಾರೆ. ಅದೇ ಮೇ ತಿಂಗಳಲ್ಲಿ ಬಡವರ ಸಾಲಿನಿಂದ ಒಂದು ಪೆಟ್ಟಿಗೆ ತೆಗೆಸಿ ಇಲ್ಲಿಗೆ ಹಾಕಿಸಿದ್ದಾರೆ. ಹೆಸರು ಪನಾಗೊಸ್. ಬಲಗಡೇದು ತಮಗೆ ಅಂತ ಬರೆಸಿದ್ದಾರೆ." ಅವನು ಕನ್ನಡಕ ಸರಿಮಾಡಿಕೊಂಡ. "ನಡುವಿನದು ಹೆಂಡತಿಗೆ."

ಪೆಟ್ಟಿಗೆ ಹಗ್ಗದ ಮೇಲೆ ಇಳಿಯಿತು. ಪಾದ್ರಿ ಮಣ್ಣು ಹಾಕಿದರು, ಎಣ್ಣೆ ಸುರಿದರು. ಅಪ್ಪ ಹಾಕಿದ, ಅಮ್ಮ ಹಾಕಿದಳು, ನಾನು ಹಾಕಿದೆ. ಅಜ್ಜಿ ಖಾಲಿ ನೆಲದ ತುದಿಯಲ್ಲಿ ನಿಂತೇ ಇದ್ದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಯಾರು ಕರೆದದ್ದು ಅಂತ ಇವರಿಗೂ ಗೊತ್ತಿರಲಿಲ್ಲ," ಎಂದಳು. "ಗೊತ್ತಿದ್ರೆ ಹೀಗ್ಯಾಕೆ ಮಾಡಿಸ್ತಿದ್ರು?"

ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ತಾತನ ಗುಂಡಿಗೆ ಹಾಕಿದಳು. ಇನ್ನೊಂದು ಹಿಡಿಯನ್ನು ಚಪ್ಪಟೆ ಕಲ್ಲಿನ ಮೇಲೆ.

"ಅಮ್ಮ, ಬೇಡ ಅಂದ್ರೆ ಬೇರೆ ಕಡೆ ಜಾಗ ತಗೊಳ್ಳೋಣ," ಎಂದ ಅಪ್ಪ ಮೆಲ್ಲಗೆ.

"ಬೇಡ. ಇಲ್ಲೇ ಬರ್ತೀನಿ. ಬಂದು ಇಬ್ಬರನ್ನೂ ಕೇಳ್ತೀನಿ. ನಡುವೆ ನಾನಿದ್ರೆ ಇಬ್ಬರೂ ತಪ್ಪಿಸ್ಕೊಳ್ಳೋ ಹಾಗಿಲ್ಲ." ನನ್ನ ಕಡೆ ತಿರುಗಿದಳು. "ನೀನು ಎಲ್ಲ ಅಳೀತೀಯಲ್ಲ ಕ್ಸೇನಿ. ಇದನ್ನೂ ಅಳೆ. ಎರಡೂ ಕಡೆ ತಾಗದ ಹಾಗೆ ಮಲಗೋಕೆ ಆಗತ್ತಾ ನೋಡು."

ಕಾವಲುಗಾರನ ಟೇಪು ಇಸಿದುಕೊಂಡೆ. ಒಂದು ತುದಿಯನ್ನು ಚಪ್ಪಟೆ ಕಲ್ಲಿನ ಅಂಚಿಗೆ ಅಮ್ಮ ಒತ್ತಿ ಹಿಡಿದಳು, ಇನ್ನೊಂದನ್ನು ತಾತನ ಗುಂಡಿಯ ಅಂಚಿಗೆ ನಾನು ಹಿಡಿದೆ. ಮೂರು ಅಡಿ ನಾಲ್ಕು ಇಂಚು.